ಹೊಲಿಗೆಗೆ ಮುಂಚೆ ಎರಡು ಸೂಜಿ ಏಕೆ? ಮರಗಟ್ಟಿಸುವ ಇಂಜೆಕ್ಷನ್ನಿನ ಲೆಕ್ಕಾಚಾರ

ರಾಗಿ ಕೊಯ್ಲು ಶುರುವಾಯಿತೆಂದರೆ ಕೋಲಾರದ ಸುತ್ತಿನ ಆಸ್ಪತ್ರೆಗಳಿಗೆ ಕುಡುಗೋಲು ತಗುಲಿದ ಗಾಯಗಳೂ ಬರತೊಡಗುತ್ತವೆ. ಪೈರನ್ನು ಹಿಡಿದ ಎಡಗೈಯ ಬೆರಳಿಗೇ ಪೆಟ್ಟು ಬೀಳುವುದು ಹೆಚ್ಚು. ಗಾಯ ನೋಡಿದ ವೈದ್ಯರು 'ಲೋಕಲ್ ಕೊಟ್ಟು ಹೊಲಿಗೆ ಹಾಕೋಣ' ಎನ್ನುತ್ತಾರೆ. ಲೋಕಲ್ ಎಂದರೆ ಗಾಯದ ಜಾಗವನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್. ಜೊತೆಗೆ ಬಂದವರ ಕೈಗೆ ಒಂದು ಚೀಟಿ ಬರುತ್ತದೆ. ಅದರಲ್ಲಿ ಲಿಗ್ನೋಕೇನ್ 2% ಪ್ಲೇನ್, 5 ಎಂಎಲ್ ಸಿರಿಂಜ್ ಒಂದು, 18 ಜಿ ನೀಡಲ್ ಒಂದು, 26 ಜಿ ಅರ್ಧ ಇಂಚಿನ ನೀಡಲ್ ಒಂದು ಎಂದು ಬರೆದಿರುತ್ತದೆ. ಮೆಡಿಕಲ್ ಶಾಪಿನವರು ಗುಲಾಬಿ ಬುಡದ ದಪ್ಪ ಸೂಜಿಯನ್ನು ಕೌಂಟರಿನ ಮೇಲಿಟ್ಟಾಗ 'ಇಷ್ಟು ದಪ್ಪದ್ದನ್ನ ನಮ್ಮ ಹುಡುಗನ ಬೆರಳಿಗೆ ಚುಚ್ತಾರೇನಣ್ಣಾ?' ಎಂದು ಗಾಬರಿಯಿಂದ ಕೇಳುವವರುಂಟು.

ಹಾಗೆ ಚುಚ್ಚುವುದಿಲ್ಲ. ಆ ದಪ್ಪ ಸೂಜಿ ಮೈಯನ್ನು ಮುಟ್ಟುವುದೇ ಇಲ್ಲ. ಚೀಟಿಯಲ್ಲಿರುವ ಒಂದೊಂದು ಅಂಕಿಗೂ ಬೇರೆ ಬೇರೆ ಕಾರಣವಿದೆ. ಮದ್ದು ಎಷ್ಟು ಆಳಕ್ಕೆ ಹೋಗಬೇಕು, ಅಲ್ಲಿನ ಮಾಂಸ ಎಷ್ಟು ಬಿಗಿ, ಹತ್ತಿರದಲ್ಲಿ ರಕ್ತನಾಳವಿದೆಯೇ, ಒಟ್ಟು ಎಷ್ಟು ಮದ್ದು ಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ಸಿಗುವ ಉತ್ತರದ ಮೇಲೆ ಸೂಜಿ ಮತ್ತು ಸಿರಿಂಜಿನ ಆಯ್ಕೆ ನಿಲ್ಲುತ್ತದೆ.

ಮದ್ದು ಮಾಡುವ ಕೆಲಸ

ಗಾಯದ ನೋವು ಮಿದುಳಿಗೆ ಮುಟ್ಟುವುದು ನರಗಳ ಮೂಲಕ ಸಾಗುವ ಸಣ್ಣ ವಿದ್ಯುತ್ ಸಂಕೇತವಾಗಿ. ನರದ ಹೊರಪೊರೆಯಲ್ಲಿರುವ ಅತಿಸೂಕ್ಷ್ಮ ದ್ವಾರಗಳ ಮೂಲಕ ಸೋಡಿಯಂ ಒಳನುಗ್ಗಿದಾಗ ಈ ಸಂಕೇತ ಮುಂದಕ್ಕೆ ಹರಿಯುತ್ತದೆ. ಸ್ಥಳೀಯ ಅರಿವಳಿಕೆ ಮದ್ದು ಆ ದ್ವಾರಗಳನ್ನು ಕೆಲಹೊತ್ತು ಮುಚ್ಚಿಬಿಡುತ್ತದೆ. ರೋಗಿ ಎಚ್ಚರವಾಗಿಯೇ ಇರುತ್ತಾನೆ, ಮಾತನಾಡುತ್ತಾನೆ, ಆದರೆ ಅಷ್ಟು ಜಾಗದ ನೋವು ಮಾತ್ರ ಮೇಲಕ್ಕೆ ತಲುಪುವುದಿಲ್ಲ. ನೋವನ್ನು ಒಯ್ಯುವ ಸಣ್ಣ ನರತಂತುಗಳು ಮೊದಲು ಸುಮ್ಮನಾಗುತ್ತವೆ. ಒತ್ತಡ ಮತ್ತು ಸ್ಪರ್ಶವನ್ನು ಒಯ್ಯುವ ದಪ್ಪ ತಂತುಗಳು ಸ್ವಲ್ಪ ಎಚ್ಚರವಾಗಿಯೇ ಉಳಿಯಬಹುದು. ಹೊಲಿಗೆ ಹಾಕುವಾಗ 'ಎಳೆದ ಹಾಗೆ ಆಗ್ತದೆ, ನೋವಿಲ್ಲ' ಎಂದು ಅನೇಕರು ಹೇಳುವುದು ಇದಕ್ಕೇ.

ನಮ್ಮ ಆಸ್ಪತ್ರೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಲಿಗ್ನೋಕೇನ್ ಮದ್ದನ್ನು 1943ರಲ್ಲಿ ಸ್ವೀಡನ್ನಿನ ನೀಲ್ಸ್ ಲೋಫ್‌ಗ್ರೆನ್ ತಯಾರಿಸಿದರು. ಅದು ಎರಡು ಬಗೆಯಲ್ಲಿ ಸಿಗುತ್ತದೆ. ಒಂದು ಬರಿಯ ಮದ್ದು, ಅದನ್ನೇ ಪ್ಲೇನ್ ಎನ್ನುತ್ತಾರೆ. ಇನ್ನೊಂದರಲ್ಲಿ ಅಡ್ರಿನಲಿನ್ ಬೆರೆತಿರುತ್ತದೆ. ಅದು ಅಲ್ಲಿನ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಮದ್ದು ಬೇಗ ಹರಿದುಹೋಗದೆ ಹೆಚ್ಚು ಹೊತ್ತು ಕೆಲಸ ಮಾಡುತ್ತದೆ, ರಕ್ತಸ್ರಾವವೂ ಕಡಿಮೆಯಾಗುತ್ತದೆ. ಎರಡೂ ಸೀಸೆಗಳು ನೋಡಲು ಹೆಚ್ಚು ಕಡಿಮೆ ಒಂದೇ ರೀತಿ ಇರುತ್ತವೆ. ಆದ್ದರಿಂದ ಚೀಟಿಯಲ್ಲಿ ಪ್ಲೇನ್ ಎಂದು ಬರೆದಿದ್ದರೆ ಪ್ಲೇನ್ ಅನ್ನೇ ತರಬೇಕು. ಬೆರಳಿನಂತಹ ತುದಿ ಅಂಗಗಳಿಗೆ ಅಡ್ರಿನಲಿನ್ ಬೆರೆತದ್ದನ್ನು ಕೊಡಬಾರದೆಂಬ ಹಳೆಯ ಕಟ್ಟುನಿಟ್ಟು ಈಚಿನ ಅಧ್ಯಯನಗಳಿಂದ ಸಡಿಲಗೊಂಡಿದ್ದರೂ ಆ ತೀರ್ಮಾನ ವೈದ್ಯರದು, ಅಂಗಡಿಯವರದಲ್ಲ.

ಗೇಜ್ ಎಂಬ ತಿರುಗುಮುರುಗು ಲೆಕ್ಕ

ಚೀಟಿಯಲ್ಲಿನ ಜಿ ಎಂದರೆ ಗೇಜ್, ಅಂದರೆ ಸೂಜಿಯ ದಪ್ಪದ ಅಳತೆ. ಅಂಕಿ ದೊಡ್ಡದಾದಷ್ಟೂ ಸೂಜಿ ತೆಳುವಾಗುತ್ತದೆ ಎಂಬುದೇ ಎಲ್ಲರನ್ನೂ ಗೊಂದಲಕ್ಕೆ ನೂಕುವ ಸಂಗತಿ. ಈ ಲೆಕ್ಕ ಬಂದಿರುವುದು ಇಂಗ್ಲೆಂಡಿನ ತಂತಿ ಕಾರ್ಖಾನೆಗಳಿಂದ. ಅಲ್ಲಿ ಲೋಹದ ಸರಳನ್ನು ಒಂದಕ್ಕಿಂತ ಒಂದು ಕಿರಿದಾದ ತೂತುಗಳ ಮೂಲಕ ಎಳೆದೆಳೆದು ತಂತಿ ಮಾಡುತ್ತಿದ್ದರು. ಹೆಚ್ಚು ಸಲ ಎಳೆದಷ್ಟೂ ತಂತಿ ತೆಳುವಾಗುತ್ತಿತ್ತು, ಅಂಕಿ ಏರುತ್ತಿತ್ತು. ತಂತಿಯ ಆ ಅಳತೆಯೇ ಮುಂದೆ ಸೂಜಿಗೂ ಅಂಟಿಕೊಂಡಿತು.

ಮಿಲಿಮೀಟರಿನಲ್ಲಿ ಹೇಳುವುದಾದರೆ 18 ಗೇಜಿನ ಸೂಜಿಯ ಹೊರವ್ಯಾಸ 1.2, 24ರದ್ದು 0.55, 26ರದ್ದು 0.45, 27ರದ್ದು 0.4, 30ರದ್ದು 0.3. ಅಂಕಿ ಓದುವ ಗೊಡವೆಯೇ ಬೇಡವೆಂದು ಸೂಜಿಯ ಪ್ಲಾಸ್ಟಿಕ್ ಬುಡಕ್ಕೆ ಅಂತರರಾಷ್ಟ್ರೀಯ ಮಾನದಂಡದಂತೆ ಬಣ್ಣ ಕೊಟ್ಟಿರುತ್ತಾರೆ. 18 ಗುಲಾಬಿ, 21 ಹಸಿರು, 22 ಕಪ್ಪು, 23 ನೀಲಿ, 24 ನೇರಳೆ, 26 ಕಂದು, 27 ಬೂದು. ಪೊಟ್ಟಣದ ಮೇಲೆ ಗೇಜಿನ ಪಕ್ಕದಲ್ಲೇ ಉದ್ದವೂ ಅಚ್ಚಾಗಿರುತ್ತದೆ: ಅರ್ಧ ಇಂಚು ಎಂದರೆ 13 ಮಿ.ಮೀ., ಒಂದು ಇಂಚು 25, ಒಂದೂವರೆ ಇಂಚು 38. ಒಂದೇ ಗೇಜಿನ ಸೂಜಿ ಎರಡು ಮೂರು ಉದ್ದಗಳಲ್ಲಿ ಸಿಗುವುದರಿಂದ ಬಣ್ಣ ಸರಿಯಿದ್ದ ಮಾತ್ರಕ್ಕೆ ಸೂಜಿ ಸರಿಯೆನ್ನಲಾಗದು.

ಒಂದು ಸೆಳೆಯಲು, ಒಂದು ಚುಚ್ಚಲು

ಲಿಗ್ನೋಕೇನ್ ಸಾಮಾನ್ಯವಾಗಿ ರಬ್ಬರ್ ಮುಚ್ಚಳದ ಸೀಸೆಯಲ್ಲಿ ಬರುತ್ತದೆ. ಸೂಜಿಯ ತುದಿಯನ್ನು ಓರೆಯಾಗಿ ಕತ್ತರಿಸಿ ಹರಿತಗೊಳಿಸಿ, ಸಲೀಸಾಗಿ ಜಾರಲೆಂದು ಮೇಲೆ ಸಿಲಿಕೋನ್ ಲೇಪ ಕೊಟ್ಟಿರುತ್ತಾರೆ. ತೆಳುವಾದ 26ರ ಸೂಜಿಯನ್ನು ರಬ್ಬರಿಗೆ ಚುಚ್ಚಿ ಮದ್ದು ಎಳೆದರೆ ಅದರ ಹರಿತ ಚರ್ಮ ಮುಟ್ಟುವ ಮುಂಚೆಯೇ ಮೊಂಡಾಗುತ್ತದೆ. ಅಷ್ಟು ಸಣ್ಣ ತೂತಿನಲ್ಲಿ 5 ಎಂಎಲ್ ಎಳೆಯಲು ಹೊತ್ತೂ ಹಿಡಿಯುತ್ತದೆ. ಅದಕ್ಕಾಗಿ 18 ಅಥವಾ 21ರ ಸೂಜಿಯಲ್ಲಿ ಮದ್ದನ್ನು ಸಿರಿಂಜಿಗೆ ತುಂಬಿ, ಅದನ್ನು ಕಳಚಿ, ಹೊಸದಾದ ತೆಳು ಸೂಜಿಯನ್ನು ಸಿಕ್ಕಿಸಿ ರೋಗಿಗೆ ಚುಚ್ಚುತ್ತಾರೆ. ಉದ್ದನೆಯ ಗಾಯದ ಸುತ್ತ ಹಲವು ಕಡೆ ಚುಚ್ಚಬೇಕಾದಾಗ ನಡುವೆ ಮತ್ತೊಂದು ಹೊಸ ಸೂಜಿ ಕೇಳುವುದೂ ಇದೇ ಕಾರಣಕ್ಕೆ. ಅದು ದುಂದಲ್ಲ.

ತೆಳುವಾದಷ್ಟೂ ಒಳ್ಳೆಯದೇ?

'ಸಣ್ಣ ಸೂಜಿ ಹಾಕಿ ಡಾಕ್ಟ್ರೇ' ಎಂಬ ಕೋರಿಕೆ ಎಲ್ಲ ವೈದ್ಯರಿಗೂ ಪರಿಚಿತ. ಆದರೆ ಮರಗಟ್ಟಿಸುವ ಇಂಜೆಕ್ಷನ್ನಿನಲ್ಲಿ ನೋವು ಮೂರು ಕಡೆಯಿಂದ ಬರುತ್ತದೆ. ಸೂಜಿ ಚರ್ಮ ತೂರುವಾಗಿನ ಚುಚ್ಚು ಒಂದು. ಮದ್ದು ಒಳಗೆ ಸೇರಿದಾಗಿನ ಉರಿ ಇನ್ನೊಂದು. ಮದ್ದು ತುಂಬಿ ಮಾಂಸ ಉಬ್ಬಿದಾಗಿನ ಸೆಳೆತ ಮೂರನೆಯದು. ತೆಳು ಸೂಜಿ ನೇರವಾಗಿ ತಗ್ಗಿಸುವುದು ಮೊದಲನೆಯದನ್ನು ಮಾತ್ರ.

ಉರಿಗೆ ಕಾರಣ ಮದ್ದಿನ ಆಮ್ಲೀಯತೆ. ಅದನ್ನು ಅಳೆಯುವುದು ಪಿಎಚ್ ಎಂಬ ಅಂಕಿಯಲ್ಲಿ, ಅಂಕಿ ಇಳಿದಷ್ಟೂ ಆಮ್ಲೀಯತೆ ಹೆಚ್ಚು. ನಮ್ಮ ದೇಹದ ಪಿಎಚ್ 7.4ರಷ್ಟಿದ್ದರೆ, ಅಡ್ರಿನಲಿನ್ ಕೆಡದಿರಲೆಂದು ಅದು ಬೆರೆತ ಲಿಗ್ನೋಕೇನಿನ ಪಿಎಚ್ ಅನ್ನು ಬಹಳ ಕೆಳಗೆ, 5ಕ್ಕಿಂತಲೂ ಕಡಿಮೆ ಇಟ್ಟಿರುತ್ತಾರೆ. ಹೀಗಾಗಿ ಕೆಲವು ವೈದ್ಯರು ಆಮ್ಲೀಯತೆ ತಗ್ಗಿಸಲೆಂದು ಹತ್ತು ಪಾಲು ಮದ್ದಿಗೆ ಸುಮಾರು ಒಂದು ಪಾಲು 8.4% ಸೋಡಿಯಂ ಬೈಕಾರ್ಬೊನೇಟ್ ಬೆರೆಸಿ ಕೊಡುತ್ತಾರೆ. ಮದ್ದನ್ನು ಮೈಬಿಸಿಗೆ ತಂದು ಕೊಡುವುದರಿಂದಲೂ, ನಿಧಾನವಾಗಿ ಬಿಡುವುದರಿಂದಲೂ, ಶುಚಿಯಾದ ಗಾಯವಾದರೆ ಗಟ್ಟಿ ಚರ್ಮಕ್ಕೆ ಬದಲು ಗಾಯದ ತೆರೆದ ಅಂಚಿನ ಒಳಗಿನಿಂದಲೇ ಚುಚ್ಚುವುದರಿಂದಲೂ ನೋವು ತಗ್ಗುತ್ತದೆ. ಸೂಜಿ 26ರದ್ದೋ 27ರದ್ದೋ ಎಂಬ ಚರ್ಚೆಗಿಂತ ಕೊಡುವವರ ಹೆಬ್ಬೆರಳಿನ ತಾಳ್ಮೆ ಹೆಚ್ಚು ಮುಖ್ಯ ಎಂದರೆ ತಪ್ಪಾಗಲಾರದು.

ತೆಳು ಸೂಜಿಗೆ ಇನ್ನೊಂದು ಮುಖವೂ ಇದೆ. ಟೊಮೆಟೊ ತೋಟಕ್ಕೆ ಹನಿ ನೀರಾವರಿ ಮಾಡಿದವರಿಗೆ ಗೊತ್ತಿರುವಂತೆ, ಲ್ಯಾಟರಲ್ ಪೈಪಿನಲ್ಲಿ ಸರಾಗವಾಗಿ ಹರಿಯುವ ನೀರು ಸಣ್ಣ ಮೈಕ್ರೊಟ್ಯೂಬಿಗೆ ಬಂದೊಡನೆ ಹನಿಹನಿಯಾಗುತ್ತದೆ. ಸೂಜಿಯಲ್ಲೂ ಹಾಗೆಯೇ. ಒಳವ್ಯಾಸ ಅರ್ಧಕ್ಕಿಳಿದರೆ, ಒತ್ತಡ ಮತ್ತು ಉದ್ದ ಅಷ್ಟೇ ಇದ್ದಾಗ, ಹರಿವು ಹದಿನಾರರಲ್ಲೊಂದು ಪಾಲಿಗೆ ಕುಸಿಯುತ್ತದೆ. ಇದರಿಂದ ಒಂದು ಲಾಭವೂ ಉಂಟು: ತೆಳು ಸೂಜಿಯಲ್ಲಿ ಅವಸರ ಮಾಡಲಾಗದು, ಮದ್ದು ತಾನಾಗಿಯೇ ನಿಧಾನವಾಗುತ್ತದೆ. ಆದರೆ ಅಂಗೈ, ಅಂಗಾಲು, ತಲೆಯ ಚರ್ಮ, ಬಾಯಿಯ ಅಂಗುಳದಂತಹ ಬಿಗಿ ಜಾಗಗಳಲ್ಲಿ ಜೋರಾಗಿ ಒತ್ತಿದರೆ, ಸುಮ್ಮನೆ ಸಿಕ್ಕಿಸಿದ ಸೂಜಿ ಸಿರಿಂಜಿನಿಂದ ಹಾರಿ ಮದ್ದು ಮುಖಕ್ಕೆ ಸಿಡಿಯುವುದುಂಟು. ಅಂತಹ ಕಡೆಗೆ ಸೂಜಿಯನ್ನು ತಿರುಚಿ ಭದ್ರಪಡಿಸುವ ಲೂಯರ್ ಲಾಕ್ ಸಿರಿಂಜು ಸೂಕ್ತ.

ಆಳಕ್ಕೆ ಹೋಗಬೇಕಾದಾಗ ಮತ್ತೊಂದು ತೊಡಕು ಎದುರಾಗುತ್ತದೆ. ಓರೆ ತುದಿಯ ಸೂಜಿ ಮಾಂಸದೊಳಗೆ ಸಾಗುತ್ತಾ ಒಂದು ಪಕ್ಕಕ್ಕೆ ವಾಲುತ್ತದೆ, ತೆಳುವಾದಷ್ಟೂ ಹೆಚ್ಚು ವಾಲುತ್ತದೆ. ಮೇಲ್ಚರ್ಮದಡಿ ಕೊಡುವಾಗ ಇದು ಲೆಕ್ಕಕ್ಕಿಲ್ಲ. ಎರಡು ಸೆಂಟಿಮೀಟರ್ ಆಳದ ನರವನ್ನು ಹುಡುಕುವಾಗ ಗುರಿಯೇ ತಪ್ಪಬಹುದು.

ಕೆಳದವಡೆಯ ಹಲ್ಲಿಗೆ ಉದ್ದ ಸೂಜಿ

ಇದು ಚೆನ್ನಾಗಿ ಕಾಣುವುದು ಹಲ್ಲಿನ ಚಿಕಿತ್ಸೆಯಲ್ಲಿ. ಕೆಜಿಎಫ್‌ನ ದಂತ ವೈದ್ಯಕೀಯ ಕಾಲೇಜಿನಲ್ಲಾಗಲಿ, ಬಂಗಾರಪೇಟೆಯ ಸಣ್ಣ ಕ್ಲಿನಿಕ್ಕಿನಲ್ಲಾಗಲಿ ಮೇಲಿನ ಹಲ್ಲು ಕೀಳಿಸಿಕೊಂಡವರ ಅನುಭವಕ್ಕೂ ಕೆಳಗಿನ ದವಡೆ ಹಲ್ಲು ಕೀಳಿಸಿಕೊಂಡವರ ಅನುಭವಕ್ಕೂ ವ್ಯತ್ಯಾಸವಿರುತ್ತದೆ. ಮೇಲ್ದವಡೆಯ ಹೊರಗಿನ ಮೂಳೆ ತೆಳು ಮತ್ತು ರಂಧ್ರಮಯ. ಹಲ್ಲಿನ ಬೇರಿನ ನೇರಕ್ಕೆ ವಸಡಿನ ಮೇಲ್ಗಡೆ ಕೆಲವೇ ಮಿಲಿಮೀಟರ್ ಚುಚ್ಚಿ ಮದ್ದು ಬಿಟ್ಟರೆ ಅದು ಮೂಳೆಯೊಳಕ್ಕೆ ಇಳಿದು ಹಲ್ಲನ್ನು ಮರಗಟ್ಟಿಸುತ್ತದೆ. ಇಲ್ಲಿ 27 ಅಥವಾ 30 ಗೇಜಿನ ಗಿಡ್ಡ ಸೂಜಿ ಸಾಕು.

ಕೆಳದವಡೆಯ ಹಿಂಭಾಗದ ಮೂಳೆ ದಪ್ಪ ಮತ್ತು ಗಟ್ಟಿ. ಮದ್ದು ಅದನ್ನು ದಾಟಲಾರದು. ಹೀಗಾಗಿ ಹಲ್ಲಿನ ಪಕ್ಕ ಚುಚ್ಚುವ ಬದಲು, ಆ ಕಡೆಯ ಹಲ್ಲುಗಳಿಗೆಲ್ಲ ಹೋಗುವ ನರ ಮೂಳೆಯನ್ನು ಹೊಕ್ಕುವ ಮುನ್ನವೇ ಅದನ್ನು ತಡೆಯಬೇಕಾಗುತ್ತದೆ. ಆ ಜಾಗ ಬಾಯಿಯ ಕೊನೆಯಲ್ಲಿ, ಲೋಳೆಪೊರೆಯಿಂದ ಸುಮಾರು 20ರಿಂದ 25 ಮಿ.ಮೀ. ಒಳಗಿದೆ. ಒಂದು ಇಂಚಿನ, ಎಂದರೆ 25 ಮಿ.ಮೀ. ಉದ್ದದ ಸೂಜಿಯಲ್ಲಿ ಅಲ್ಲಿಗೆ ತಲುಪಬೇಕಾದರೆ ಅದನ್ನು ಬುಡದವರೆಗೂ ಒಳಕ್ಕೆ ಇಳಿಸಬೇಕು. ಸೂಜಿ ಮುರಿಯುವ ಅಪರೂಪದ ಪ್ರಕರಣಗಳಲ್ಲಿ ಅದು ಮುರಿಯುವುದು ಬಹುತೇಕ ಬುಡದಲ್ಲೇ, ಅಂದರೆ ಲೋಹವು ಪ್ಲಾಸ್ಟಿಕ್ಕನ್ನು ಸೇರುವಲ್ಲಿ. ಬುಡದವರೆಗೂ ಇಳಿಸಿದ ಸೂಜಿ ಮುರಿದರೆ ಹಿಡಿದೆಳೆಯಲು ತುದಿಯೇ ಸಿಗುವುದಿಲ್ಲ, ಆಪರೇಷನ್ ಮಾಡಿ ತೆಗೆಯಬೇಕಾದೀತು. ಆದ್ದರಿಂದ ಇಲ್ಲಿ 30ರಷ್ಟು ತೆಳುವಾದದ್ದಾಗಲಿ ಗಿಡ್ಡದ್ದಾಗಲಿ ಬೇಡ. 25 ಅಥವಾ 27 ಗೇಜಿನ, 32 ಮಿ.ಮೀ.ಗಿಂತ ಕಡಿಮೆಯಿಲ್ಲದ ಉದ್ದ ಸೂಜಿ ಬೇಕು, ಚುಚ್ಚಿದ ಮೇಲೂ ಅದರ ಒಂದಷ್ಟು ಭಾಗ ಹೊರಗೆ ಕಾಣುತ್ತಿರಬೇಕು. ಕುರ್ಚಿಯಲ್ಲಿ ಕುಳಿತವರಿಗೆ ಉದ್ದ ಸೂಜಿ ಕಂಡು ಎದೆ ಝಲ್ಲೆನ್ನುವುದು ಸಹಜವೇ ಆದರೂ ಆ ಉದ್ದ ಇರುವುದು ಅವರ ಸುರಕ್ಷತೆಗಾಗಿ.

ಕೀವು ತುಂಬಿ ಕೆನ್ನೆ ಊದಿಕೊಂಡು ಬಂದವರಿಗೆ ಎಷ್ಟು ಮದ್ದು ಕೊಟ್ಟರೂ ಸರಿಯಾಗಿ ಮರಗಟ್ಟದಿರುವುದುಂಟು. ಅದಕ್ಕೆ ಸೂಜಿಯನ್ನೋ ಕಂಪನಿಯನ್ನೋ ದೂರುವವರಿದ್ದಾರೆ. ಸೋಂಕಿನ ಜಾಗ ಆಮ್ಲೀಯವಾಗಿರುವುದರಿಂದ ಮದ್ದಿನ ಹೆಚ್ಚು ಪಾಲು ನರದೊಳಕ್ಕೆ ಹೊಗಲಾರದ ರೂಪದಲ್ಲೇ ಉಳಿಯುತ್ತದೆ ಎಂಬುದು ಅದರ ಒಂದು ಮುಖ್ಯ ಕಾರಣ.

ಹಿಂದಕ್ಕೆಳೆದು ನೋಡುವುದು

ಸೂಜಿ ಜಾಗ ಸೇರಿದ ಮೇಲೆ ವೈದ್ಯರು ಮದ್ದು ಬಿಡುವ ಮೊದಲು ಸಿರಿಂಜಿನ ಹಿಡಿಯನ್ನು ತುಸು ಹಿಂದಕ್ಕೆ ಎಳೆಯುತ್ತಾರೆ. ರಕ್ತ ಬಂದರೆ ತುದಿ ರಕ್ತನಾಳದೊಳಗಿದೆ ಎಂದರ್ಥ. ಸೂಜಿಯ ಜಾಗ ಬದಲಿಸಬೇಕು. ಕೆಳದವಡೆಯ ಆ ನರದ ಪಕ್ಕದಲ್ಲೇ ರಕ್ತನಾಳಗಳೂ ಸಾಗುವುದರಿಂದ ಅಲ್ಲಿ ಹೀಗೆ ರಕ್ತ ಕಾಣುವುದು ಅಪರೂಪವೇನಲ್ಲ. ನೋಡದೆ ಬಿಟ್ಟರೆ, ನರದ ಸುತ್ತ ನಿಲ್ಲಬೇಕಾದ ಮದ್ದು ನೇರ ರಕ್ತಕ್ಕೆ ಸೇರಿ ಹೃದಯ ಮತ್ತು ಮಿದುಳನ್ನು ತಲುಪುತ್ತದೆ. ಎದೆ ಡವಗುಟ್ಟುವುದು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್‌ಗುಟ್ಟುವುದು, ತುಟಿಯ ಸುತ್ತ ಜೋಮು, ತಲೆ ಹಗುರಾಗುವುದು ಇದರ ಮೊದಲ ಸೂಚನೆಗಳು. ಮದ್ದಿನ ಪ್ರಮಾಣ ಹೆಚ್ಚಾದರೆ ಫಿಟ್ಸ್ ಕೂಡ ಬರಬಹುದು. ಹೀಗೇನಾದರೂ ಅನಿಸಿದರೆ ಸಂಕೋಚಪಡದೆ ಆ ಕ್ಷಣವೇ ಕೈ ಎತ್ತಿ ತಿಳಿಸಬೇಕು.

ಈ ಪರೀಕ್ಷೆಗೂ ಸೂಜಿಯ ಆಯ್ಕೆಗೂ ನಂಟಿದೆ. 30ರ ಸೂಜಿಯಲ್ಲೂ ರಕ್ತ ಹಿಂದಕ್ಕೆ ಬರುತ್ತದೆ, ಆದರೆ 25ರಲ್ಲಿ ಬಂದಷ್ಟು ಸುಲಭವಾಗಿ, ಬೇಗನೆ ಬರುವುದಿಲ್ಲ. ಹಲ್ಲಿನ ವೈದ್ಯರು ಬಳಸುವ ಲೋಹದ ಸಿರಿಂಜಿನಲ್ಲಿ 1.8 ಎಂಎಲ್ ಮದ್ದು ತುಂಬಿದ ಗಾಜಿನ ಕಾರ್ಟ್ರಿಜ್ ಕೂರುತ್ತದೆ. ಹಿಡಿಯಲ್ಲಿರುವ ಉಂಗುರಕ್ಕೆ ಹೆಬ್ಬೆರಳು ತೂರಿಸಿ, ಕಾರ್ಟ್ರಿಜ್ಜಿನ ರಬ್ಬರಿಗೆ ಸಿಕ್ಕಿಕೊಂಡ ಕೊಕ್ಕೆಯನ್ನು ಒಂದೇ ಕೈಯಲ್ಲಿ ಹಿಂದಕ್ಕೆ ಎಳೆಯಬಹುದು. ಈ ಕಾರ್ಟ್ರಿಜ್ ಪದ್ಧತಿ 1917ರಲ್ಲಿ ಅಮೆರಿಕದ ಹಾರ್ವಿ ಕುಕ್ ರೂಪಿಸಿದ್ದು. ನಮ್ಮ ಕಡೆಯ ಅನೇಕ ಕ್ಲಿನಿಕ್ಕುಗಳಲ್ಲಿ 2 ಎಂಎಲ್ ಪ್ಲಾಸ್ಟಿಕ್ ಸಿರಿಂಜನ್ನೇ ಬಳಸುತ್ತಾರೆ. ಅದರಲ್ಲೂ ಎಳೆದು ನೋಡಬಹುದು, ಕೈಯ ಹಿಡಿತ ಮಾತ್ರ ಬೇರೆ ರೂಢಿಯಾಗಬೇಕು. ಲಸಿಕೆ ಹಾಕಲು ಬಳಸುವ, ಒಮ್ಮೆ ಒತ್ತಿದರೆ ಲಾಕ್ ಆಗಿಬಿಡುವ ಸಿರಿಂಜು ಈ ಕೆಲಸಕ್ಕೆ ಹೊಂದುವುದಿಲ್ಲ.

ಸಿರಿಂಜು ಎಷ್ಟು ದೊಡ್ಡದಿರಬೇಕು?

2% ಲಿಗ್ನೋಕೇನ್ ಎಂದರೆ ಒಂದು ಎಂಎಲ್‌ನಲ್ಲಿ 20 ಮಿಲಿಗ್ರಾಂ ಮದ್ದು. ಪ್ಲೇನ್ ಮದ್ದಿನ ಮಿತಿಯನ್ನು ಪುಸ್ತಕಗಳು ದೇಹತೂಕದ ಪ್ರತಿ ಕಿಲೋಗೆ 3ರಿಂದ 4.5 ಮಿಲಿಗ್ರಾಂ ಎಂದೂ, ಅಡ್ರಿನಲಿನ್ ಬೆರೆತದ್ದಾದರೆ 7 ಮಿಲಿಗ್ರಾಂ ಎಂದೂ ಹೇಳುತ್ತವೆ. 60 ಕಿಲೋ ತೂಕದ ವಯಸ್ಕರಿಗೆ ಪ್ಲೇನ್ ಮದ್ದು ಹೆಚ್ಚೆಂದರೆ 13 ಎಂಎಲ್ ಆಸುಪಾಸು. 15 ಕಿಲೋದ ಮಗುವಿಗೆ 3 ಎಂಎಲ್ ಮುಟ್ಟುವಷ್ಟರಲ್ಲೇ ಮಿತಿ ಬಂದುಬಿಡುತ್ತದೆ. ಮಗುವಿನ ವಿಷಯದಲ್ಲಿ ವೈದ್ಯರು 2 ಎಂಎಲ್ ಸಿರಿಂಜೇ ಬೇಕೆನ್ನುವುದು ಇದಕ್ಕೇ. ಅದರಲ್ಲಿ ಗೆರೆಗಳು ಸಾಮಾನ್ಯವಾಗಿ 0.1 ಎಂಎಲ್‌ಗೆ ಒಂದರಂತೆ ಇರುತ್ತವೆ, 5 ಎಂಎಲ್‌ನದರಲ್ಲಿ 0.2ಕ್ಕೆ ಒಂದು. ಮಗುವಿನ ತೂಕವನ್ನು ಅಂದಾಜಿನಲ್ಲಿ ಹೇಳದೆ ತೂಗಿಸಿಯೇ ಹೇಳಬೇಕೆನ್ನುವುದೂ ಅದಕ್ಕೇ.

ಸಣ್ಣ ಸಿರಿಂಜಿಗೆ ಇನ್ನೊಂದು ಗುಣವಿದೆ. ಹೆಬ್ಬೆರಳಿನ ಬಲ ಅಷ್ಟೇ ಇದ್ದರೂ ಕೊಳವೆ ಕಿರಿದಾದಷ್ಟೂ ಒಳಗಿನ ಒತ್ತಡ ಏರುತ್ತದೆ. 10 ಎಂಎಲ್ ಸಿರಿಂಜಿಗೆ ಹೋಲಿಸಿದರೆ 2 ಎಂಎಲ್‌ನದರಲ್ಲಿ ಅದು ಸುಮಾರು ಮೂರು ಪಟ್ಟು. ತೆಳು ಸೂಜಿಯಲ್ಲಿ, ಬಿಗಿ ಜಾಗಕ್ಕೆ ಮದ್ದು ತಳ್ಳಲು ಇದು ಅನುಕೂಲ. ಅವಸರಪಟ್ಟು ಒತ್ತಿದರೆ ಅದೇ ಒತ್ತಡ ನೋವನ್ನೂ ಹೆಚ್ಚಿಸುತ್ತದೆ. ಬೆರಳಿನ ಬುಡದ ಎರಡೂ ಪಕ್ಕ ಸೇರಿ ಬೇಕಾಗುವುದು ಕೆಲವೇ ಎಂಎಲ್ ಮದ್ದು. ಅಲ್ಲಿ 10 ಎಂಎಲ್ ಸಿರಿಂಜಿಗೆ ಕೆಲಸವಿಲ್ಲ. ಬೆನ್ನಿನ ಮೇಲಿನ ದೊಡ್ಡ ಕೊಬ್ಬಿನ ಗಂಟನ್ನು ತೆಗೆಯುವಾಗ 2 ಎಂಎಲ್‌ನದನ್ನು ಮತ್ತೆ ಮತ್ತೆ ತುಂಬುತ್ತಾ ಕೂರುವುದೂ ಅಷ್ಟೇ ಅನನುಕೂಲ.

ನರೂಲಿಯಂತಹ ಚಿಕ್ಕದನ್ನು ತೆಗೆಯಲು ಕೆಲವರು ಇನ್ಸುಲಿನ್ ಸಿರಿಂಜು ಬಳಸುತ್ತಾರೆ. ಅದರ ಸೂಜಿ ಬಹಳ ತೆಳು, ನೋವು ಕಡಿಮೆ. ಅದರ ಮೇಲಿನ ಗೆರೆಗಳು ಮಾತ್ರ ಎಂಎಲ್ ಲೆಕ್ಕದವಲ್ಲ, ಇನ್ಸುಲಿನ್ ಯೂನಿಟ್ಟಿನವು. ಕೆಂಪು ಮುಚ್ಚಳದ್ದರಲ್ಲಿ ಒಂದು ಎಂಎಲ್‌ಗೆ 40 ಯೂನಿಟ್, ಕಿತ್ತಳೆ ಮುಚ್ಚಳದ್ದರಲ್ಲಿ 100. ಮದ್ದಿನ ಪ್ರಮಾಣ ಲೆಕ್ಕ ಹಾಕುವಾಗ ಇದನ್ನು ಮರೆಯುವಂತಿಲ್ಲ.

ಬೆನ್ನಿಗೆ ಕೊಡುವುದು ಬೇರೆಯೇ ಸೂಜಿ

ಸಿಸೇರಿಯನ್ ಹೆರಿಗೆಗೆ ಬೆನ್ನಿನಲ್ಲಿ ಕೊಡುವ ಇಂಜೆಕ್ಷನ್ನಿನ ಮದ್ದೂ ಇದೇ ಗುಂಪಿಗೆ ಸೇರಿದ್ದಾದರೂ ಸೂಜಿಯ ಲೆಕ್ಕ ಬೇರೆ. ಅದು ಸುಮಾರು 9 ಸೆಂ.ಮೀ. ಉದ್ದ, 25ರಿಂದ 27 ಗೇಜಿನಷ್ಟು ತೆಳು. ಒಳಗೊಂದು ಸಣ್ಣ ಸರಳು ಇರುತ್ತದೆ. ಇಲ್ಲಿ ತೆಳುವಾಗಿರುವುದು ನಿಜಕ್ಕೂ ಮುಖ್ಯ. ಬೆನ್ನುಹುರಿಯ ಹೊದಿಕೆಯಲ್ಲಾದ ತೂತಿನಿಂದ ದ್ರವ ಸೋರಿದರೆ ಎದ್ದು ಕೂತಾಗ ಜೋರಾಗುವ, ಮಲಗಿದರೆ ಇಳಿಯುವ ತಲೆನೋವು ಬರುತ್ತದೆ; ತೂತು ಸಣ್ಣದಾದಷ್ಟೂ ಅದರ ಸಂಭವ ಕಡಿಮೆ. ತುದಿ ಪೆನ್ಸಿಲಿನಂತಿರುವ ಸೂಜಿ ಹೊದಿಕೆಯ ಎಳೆಗಳನ್ನು ಕತ್ತರಿಸದೆ ಸರಿಸಿಕೊಂಡು ಹೋಗುವುದರಿಂದ ತಲೆನೋವು ಇನ್ನೂ ಕಡಿಮೆ. ಅದಕ್ಕೆ ಬೆಲೆ ತುಸು ಹೆಚ್ಚು.

ಹೊಸದೋ, ಬಳಸಿದ್ದೋ?

ಸೂಜಿಯನ್ನೂ ಸಿರಿಂಜನ್ನೂ ರೋಗಿಯ ಎದುರೇ ಪೊಟ್ಟಣ ಒಡೆದು ತೆಗೆಯಬೇಕು. ಸೂಜಿ ಬದಲಿಸಿದರಾಯಿತು, ಸಿರಿಂಜು ಅದೇ ಇರಲಿ ಎಂಬ ತಪ್ಪು ತಿಳಿವಳಿಕೆ ಅಲ್ಲಲ್ಲಿ ಇನ್ನೂ ಉಳಿದಿದೆ. ಹಿಂದಕ್ಕೆಳೆದು ನೋಡುವಾಗ ಕಣ್ಣಿಗೆ ಕಾಣದಷ್ಟು ರಕ್ತವೂ ಸಿರಿಂಜಿನೊಳಕ್ಕೆ ಬಂದಿರಬಹುದು, ಅದರಿಂದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ದಾಟಬಲ್ಲವು. ಒಬ್ಬರಿಗೆ ಚುಚ್ಚಿದ ಸಿರಿಂಜನ್ನು, ಸೂಜಿ ಹೊಸದಾಗಿದ್ದರೂ, ಮತ್ತೆ 30 ಎಂಎಲ್ ಸೀಸೆಗೆ ಹಾಕಿ ಮದ್ದು ಎಳೆದರೆ ಆ ಸೀಸೆಯಿಂದ ಮದ್ದು ಪಡೆಯುವ ಮುಂದಿನವರೆಲ್ಲ ಅಪಾಯಕ್ಕೆ ಒಳಗಾಗುತ್ತಾರೆ. ಒಂದೇ ಸಲ ಬಳಸಿ ಬಿಸಾಡುವ ಕಾರ್ಟ್ರಿಜ್ ಮತ್ತು ಆಂಪ್ಯೂಲುಗಳಲ್ಲಿ ಈ ತಾಪತ್ರಯ ಕಡಿಮೆ.

ಬಳಸಿದ ಸೂಜಿಗೆ ಎರಡೂ ಕೈಯಲ್ಲಿ ಮುಚ್ಚಳ ಹಾಕಲು ಹೋಗಿಯೇ ದಾದಿಯರು ಮತ್ತು ದಂತವೈದ್ಯರು ಬೆರಳಿಗೆ ಚುಚ್ಚಿಕೊಳ್ಳುವುದು ಹೆಚ್ಚು. ಹಾಕಲೇಬೇಕಾದಾಗ ಮುಚ್ಚಳವನ್ನು ತಟ್ಟೆಯಲ್ಲಿ ಮಲಗಿಸಿ ಒಂದೇ ಕೈಯಲ್ಲಿ ಸೂಜಿಯಿಂದ ಅದನ್ನು ಮೊಗೆದುಕೊಳ್ಳುವ ರೂಢಿಯಿದೆ. ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮಗಳ ಪ್ರಕಾರ ಸೂಜಿಗಳು ಚುಚ್ಚಿದರೂ ತೂತಾಗದ ಬಿಳಿ ಅರೆಪಾರದರ್ಶಕ ಡಬ್ಬಿಗೆ ಹೋಗಬೇಕು, ಸೂಜಿ ಕಳಚಿದ ಪ್ಲಾಸ್ಟಿಕ್ ಸಿರಿಂಜು ಕೆಂಪು ಚೀಲಕ್ಕೆ, ಗಾಜಿನ ಸೀಸೆ ಮತ್ತು ಆಂಪ್ಯೂಲುಗಳು ನೀಲಿ ಗುರುತಿನ ಡಬ್ಬಿಗೆ. ಹಣ ಕೊಟ್ಟು ತಂದದ್ದೆಂದು ಉಳಿದ ಮದ್ದಿನ ಸೀಸೆಯನ್ನೂ ಬಳಸಿದ ಸೂಜಿಯನ್ನೂ ಮನೆಗೆ ಒಯ್ಯುವವರಿದ್ದಾರೆ. ಅವೆರಡನ್ನೂ ಆಸ್ಪತ್ರೆಯಲ್ಲೇ ಬಿಟ್ಟು ಬರಬೇಕು.